ವ್ಯಾನತ್ತೆ ಹಡಗು ಹತ್ತಿದ್ದು

ಹಡಗು ಹತ್ತುವ ಸೇತುವೆಯ ಬುಡದಲ್ಲಿ ನಿಂತು ವ್ಯಾನತ್ತೆ ತಲೆ ಎಣಿಸಿದಳು. ಒಂದು, ಎರಡು, ಮೂರು. ನಂಬಿಕೆ ಸಾಲದೆ ಇನ್ನೊಮ್ಮೆ ಎಣಿಸಿದಳು. ಮೂರೇ. ತಲೆ ಎಣಿಸದೆ ಅವಳು ಯಾವ ಬಾಗಿಲನ್ನೂ ದಾಟಿದವಳಲ್ಲ. ಶಾಲೆಯ ವ್ಯಾನು ಓಡಿಸಿ ಓಡಿಸಿ ಅಂಟಿದ ಚಾಳಿ ಅದು. ಯಾರದೋ ಮದುವೆಗೆ ಹೋದರೂ ಅಲ್ಲಿ ಆಡುತ್ತಿರುವ ಕಂಡವರ ಮಕ್ಕಳನ್ನೆಲ್ಲ ಎಣಿಸಿಟ್ಟುಕೊಳ್ಳುತ್ತಿದ್ದಳು. ಆಮೇಲೆ ಒಂದು ತಲೆ ಕಮ್ಮಿ ಕಂಡರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈ ಮೂರು ತಲೆಗಳೂ ಅವಳು ಹೆತ್ತವಲ್ಲ, ತಮ್ಮನ ಮಕ್ಕಳು. ಹದಿನೈದರ ದೊಡ್ಡವಳು ಈಚೆಗೆ ಮಾತನ್ನು ತೂಕ ಹಾಕಿ ಕೊಡುತ್ತಿದ್ದಳು. ಒಂಬತ್ತರ ಹುಡುಗ ಬಾಯಿ ತೆರೆದರೆ ಪ್ರಶ್ನೆ, ಹಾಗಾಗಿ ಅವನಿಗೆ ‘ಪ್ರಶ್ನೆಪತ್ರಿಕೆ’ ಎಂದೇ ಹೆಸರಿಟ್ಟಿದ್ದಳು. ಕೊನೆಯದು ನಾಲ್ಕರ ಜೀರಿಗೆ. ಹುಟ್ಟಿದಾಗ ಅಷ್ಟೇ ಇತ್ತು, ಈಗಲೂ ಆಳು ಸಣ್ಣದೇ, ಆದರೆ ಒಗ್ಗರಣೆಗೆ ಬಿದ್ದ ಜೀರಿಗೆಯಂತೆಯೇ ಸಿಡಿಯುವುದು. ಇದು ನಾಲ್ಕು ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡಳು. ಗ್ಯಾರೇಜಿನ ಹಿಂದಿನ ಒಂಟಿ ಕೋಣೆಯಲ್ಲಿ ತನ್ನ ಪಾಡಿಗೆ ತಾನು ಬದುಕಿಕೊಂಡಿದ್ದ ವ್ಯಾನತ್ತೆ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು, ಒಂದು ತಿಂಗಳ ಮಟ್ಟಿಗೆ ಅಂತ ತಮ್ಮನ ಮನೆಗೆ ಬಂದಳು. ಆ ತಿಂಗಳು ಇನ್ನೂ ಮುಗಿದಿರಲಿಲ್ಲ.

ಮುಗಿಯುವ ಕಾಲ ಬಂತೇನೋ ಎಂಬುದೇ ಈಗ ಅವಳ ಎದೆಯೊಳಗಿನ ಕುಟುಕು.

ತಮ್ಮನದು ಕನ್ನಡಕದ ಅಂಗಡಿ. ಊರವರ ದೃಷ್ಟಿಯನ್ನೆಲ್ಲ ತಿದ್ದುವ ಈ ಪುಣ್ಯಾತ್ಮನಿಗೆ ತನ್ನ ಮೂಗಿನ ಕೆಳಗಿನದು ಕಾಣುವುದಿಲ್ಲ ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಹದಿನೈದು ದಿನದ ಹಿಂದೆ ಅವನು ಮತ್ತೆ ಮದುವೆಯಾದ. ಹುಡುಗಿ, ಹುಡುಗಿಯೇನು, ನಲವತ್ತರ ಹತ್ತಿರದವಳು, ಬೇರೆ ಊರಿನ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವವಳು. ಅಲ್ಲಿಯ ಕೆಲಸ ಮುಗಿಸಿ ಇನ್ನು ಮೇಲೆ ಮನೆಗೆ ಬರುವವಳಿದ್ದಳು. ಅದಕ್ಕೆ ಮುಂಚೆ ಎಲ್ಲರೂ ಒಂದು ವಾರ ಒಟ್ಟಿಗೆ ಇದ್ದರೆ ಮಕ್ಕಳಿಗೂ ಒಗ್ಗುತ್ತದೆ ಎಂದು ತಮ್ಮ ಈ ಹಡಗಿನ ಪ್ರವಾಸ ಹೊಂದಿಸಿದ್ದ. ವ್ಯಾನತ್ತೆ ಮನಸ್ಸಿನಲ್ಲಿ ಅವಳನ್ನು ‘ಮಾತ್ರೆ’ ಎಂದು ಕರೆಯುತ್ತಿದ್ದಳು, ಎದುರಿಗೆ ‘ನೀವು’ ಎನ್ನುತ್ತಿದ್ದಳು. ಅವಳು ಮಾತ್ರ ಮೊದಲ ದಿನದಿಂದಲೇ ಬಾಯ್ತುಂಬ ‘ಅತ್ತಿಗೆ’ ಎನ್ನುತ್ತಿದ್ದಳು. ಇದೂ ವ್ಯಾನತ್ತೆಗೆ ಅಷ್ಟಾಗಿ ಹಿಡಿಸಿರಲಿಲ್ಲ. ಕೆಟ್ಟವಳಾಗಿದ್ದರೆ ಬೈದುಕೊಳ್ಳುವುದಾದರೂ ಸುಲಭವಿರುತ್ತಿತ್ತು.

ವ್ಯಾನತ್ತೆಯೂ ಜೀರಿಗೆಯೂ ಮಲಗುವ ಕೋಣೆಯನ್ನು ಹೊರಡುವ ಮುಂಚೆ ತಮ್ಮ ಟೇಪು ಹಿಡಿದು ಅಳೆದದ್ದನ್ನು ಅವಳು ಕಂಡಿದ್ದಳು. ಏನೋ ಇದು ಎಂದರೆ, “ಬಂದ್ಮೇಲೆ ಮಾತಾಡೋಣ ಅಕ್ಕ” ಎಂದಿದ್ದ. ಅಳತೆ ಮೊದಲು, ಮಾತು ಆಮೇಲೆ. ಬಂದರಿಗೆ ಬರುವಾಗ ಕಾರಿನಲ್ಲಿ ಇವರು ಐದು ಜನ. ಮಾತ್ರೆ ತನ್ನ ಊರಿನಿಂದ ನೇರ ಬಂದು ಸೇರಿಕೊಂಡಳು. ಹಿಂತಿರುಗುವಾಗ ಆರು ಜನ. ಕಾರಿಗಿರುವುದು ಐದೇ ಸೀಟು. ಇದು ತಮ್ಮನಿಗೆ ಹೊಳೆದಿರಲಿಲ್ಲ, ವ್ಯಾನು ಓಡಿಸುವವಳಿಗೆ ಡಿಕ್ಕಿ ಮುಚ್ಚುವಾಗಲೇ ಹೊಳೆದಿತ್ತು.

ಆದರೂ ಅವಳಿಗೊಂದು ಧೈರ್ಯವಿತ್ತು. ಜೀರಿಗೆ ನಿದ್ದೆ ಮಾಡಬೇಕಾದರೆ ವ್ಯಾನತ್ತೆಯ ಎಡಗಿವಿಯ ಹಾಲೆ ಹಿಡಿದು ತೀಡುತ್ತಿರಬೇಕು. ಬಲಗಿವಿ ನಡೆಯದು. ಕೂಸಾಗಿದ್ದಾಗಿನಿಂದ ಹೀಗೆ. ಓಲೆ ಚುಚ್ಚುತ್ತದೆಂದು ವ್ಯಾನತ್ತೆ ಎಡಗಿವಿಯದನ್ನು ತೆಗೆದಿಟ್ಟವಳು ಮತ್ತೆ ಹಾಕಲೇ ಇಲ್ಲ, ತೂತು ಮುಚ್ಚಿಯೇಹೋಯಿತು. ಈಗ ಬಲಗಿವಿಗೊಂದೇ ಓಲೆ. ನೋಡಿದವರು, “ಒಂದು ಕಳ್ಕೊಂಡ್ರಾ?” ಎಂದು ಕೇಳುತ್ತಿದ್ದರು. ಈ ಗುಟ್ಟು ತಮ್ಮನಿಗೂ ಗೊತ್ತಿರಲಿಲ್ಲ. ಹಡಗಿನ ಮೇಲೆ ಒಂದು ವಾರದಲ್ಲಿ ಯಾರಿಲ್ಲದೆ ಯಾರಿಗೆ ಆಗುವುದಿಲ್ಲ ಎಂಬುದು ತಾನಾಗಿಯೇ ಬಯಲಾಗಲಿ ಎಂದುಕೊಂಡಿದ್ದಳು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡ ಮುದುಕಿಯ ಧೈರ್ಯ!

ತಾನೊಂದು ಬಗೆದರೆ ಹಡಗೊಂದು ಬಗೆಯಿತು. ಹತ್ತಿದ ಕೂಡಲೇ ಸಮವಸ್ತ್ರದವರು ನಗುನಗುತ್ತಲೇ ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿಬಿಟ್ಟರು. ಜೀರಿಗೆಯ ಕೈಗೆ ಹಳದಿ ಪಟ್ಟಿ. ಅವಳಿಗೆ ಕೆಳಗಿನ ಮಹಡಿಯಲ್ಲಿ ಮೆತ್ತನೆಯ ನೆಲದ ಆಟದ ಮನೆ. ಹುಡುಗನಿಗೆ ಹಸಿರು ಪಟ್ಟಿ; ಅವನಿಗೆ ಮೇಲೆ ನೀರಿನ ಜಾರುಬಂಡೆಗಳ ಪಕ್ಕ. ದೊಡ್ಡವಳಿಗೆ ಪಟ್ಟಿಯೇ ಇಲ್ಲ, ಅವಳ ವಯಸ್ಸಿನವರ ಮಂದಬೆಳಕಿನ ಕೋಣೆಗೆ ದೊಡ್ಡವರು ಕಾಲಿಡುವ ಹಾಗಿಲ್ಲ. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅಪಾಯದ ಗಂಟೆ ಹೊಡೆದರೆ ಏನು ಮಾಡಬೇಕೆಂದು ಒಬ್ಬ ಅಧಿಕಾರಿ ಹೇಳಿಕೊಟ್ಟ. “ಮಕ್ಕಳನ್ನ ಹುಡುಕ್ಕೊಂಡು ಹೋಗ್ಬೇಡಿ. ಅವರವರ ಜಾಗದಿಂದ ನಾವೇ ಕರ್ಕೊಂಡು ಬಂದು ನಿಮಗೆ ಒಪ್ಪಿಸ್ತೀವಿ. ನೀವು ನೀವು ನಿಂತಲ್ಲೇ ನಿಂತಿರಿ.”

ಹುಡುಕಿಕೊಂಡು ಹೋಗಬೇಡಿ! ವ್ಯಾನತ್ತೆ ಎಂಥ ಕಾಯಿದೆಯಪ್ಪ ಇದು ಎಂದು ಪಕ್ಕದಲ್ಲಿದ್ದ ದೊಡ್ಡವಳ ಕಡೆ ನೋಡಿದಳು. ಅವಳು ಜೀವರಕ್ಷಕ ಕವಚದ ಲಾಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೀರನ್ನು ನೋಡುತ್ತಿದ್ದಳು.

ಎರಡನೆಯ ದಿನದ ಹೊತ್ತಿಗೆ ವ್ಯಾನತ್ತೆಗೆ ಮಾಡಲು ಕೆಲಸವೇ ಉಳಿಯಲಿಲ್ಲ. ತಮ್ಮನೂ ಮಾತ್ರೆಯೂ ಎದುರಿನ ಕೋಣೆಯಲ್ಲಿ. ಇವಳೂ ಮಕ್ಕಳೂ ಇತ್ತ, ಗೋಡೆಯಿಂದ ಮಡಚಿ ಇಳಿಸುವ ಮಂಚಗಳ ಕೋಣೆಯಲ್ಲಿ. ಬೆಳಗಾಗುತ್ತಲೇ ಮೂವರೂ ಮೂರು ದಿಕ್ಕಿಗೆ. ಹಾಸಿಗೆ ಮಡಚೋಣವೆಂದರೆ ಯಾರೋ ಬಂದು ಮಡಚಿಟ್ಟು, ಟವೆಲಿನಲ್ಲಿ ಆನೆ ಮಾಡಿ ಕೂರಿಸಿ ಹೋಗಿರುತ್ತಿದ್ದರು. ಬಟ್ಟೆ ಒಗೆಯೋಣವೆಂದರೆ ಬಚ್ಚಲು ಬೀರುವಿನಷ್ಟು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಅವಳು ಓಡಾಡತೊಡಗಿದಳು.

ಊರಿನ ಗಲ್ಲಿಗಲ್ಲಿಯೂ ಕಣ್ಣುಮುಚ್ಚಿದರೂ ಗೊತ್ತಿದ್ದವಳು ಇಲ್ಲಿ ದಾರಿ ತಪ್ಪಿದಳು. ಎಲ್ಲ ಓಣಿಗಳೂ ಒಂದೇ ಥರ, ಎಲ್ಲ ಬಾಗಿಲುಗಳೂ ಒಂದೇ ಬಣ್ಣ. ಕೊನೆಗೆ ಪ್ರಶ್ನೆಪತ್ರಿಕೆಯೇ ಉತ್ತರ ಹೇಳಿಕೊಟ್ಟ. “ಅತ್ತೆ, ಕಾರ್ಪೆಟ್ ನೋಡು. ಮೀನುಗಳೆಲ್ಲ ಹಡಗಿನ ಮುಂದಗಡೆಗೇ ಈಜ್ತಿವೆ. ಅದನ್ನ ನೋಡ್ಕೊಂಡು ಹೋದ್ರೆ ತಪ್ಪಲ್ಲ.” ಹೇಳಿದವನು ನಿಲ್ಲಲೂ ಇಲ್ಲ, ಗೆಳೆಯರ ಹಿಂಡಿನಲ್ಲಿ ಕರಗಿಹೋದ. ಆ ಮಧ್ಯಾಹ್ನ ಅವಳು ತಲೆತಗ್ಗಿಸಿ ಕಾರ್ಪೆಟ್ಟಿನ ಮೀನುಗಳ ಜೊತೆ ನಡೆದು ನಡೆದು ಊಟದ ಹಾಲಿಗೆ ಬಂದಳು.

ಬಾಗಿಲಲ್ಲಿದ್ದ ಬಡಿಸುವವನು, “ಎಷ್ಟು ಜನ?” ಎಂದ.

ವ್ಯಾನತ್ತೆ ಅಭ್ಯಾಸಬಲದಿಂದ ಹಿಂದೆ ತಿರುಗಿ ಎಣಿಸಲು ಹೊರಟಳು. ಹಿಂದೆ ಯಾರೂ ಇರಲಿಲ್ಲ.

“ಒಬ್ಬಳೇ.”

ಅವನು ಕಂಬದ ಮರೆಯ ಪುಟ್ಟ ಮೇಜಿಗೆ ಕೂರಿಸಿದ. ಸುತ್ತ ನೂರಾರು ಜನ, ಒಂದೊಂದು ಮೇಜಿನಲ್ಲೂ ಒಂದೊಂದು ಸಂಸಾರ, ಚೆಲ್ಲುವ ಮಕ್ಕಳು, ಒರೆಸುವ ತಾಯಂದಿರು. ತಟ್ಟೆಯಲ್ಲಿ ಬೇಕಾದ್ದೆಲ್ಲ ಇತ್ತು. ಯಾರ ಎಂಜಲನ್ನೂ ತಿನ್ನದೆ, ಯಾರಿಗೂ ಗದರದೆ, ಬಿಸಿ ಇರುವಾಗಲೇ ಊಟ ಮಾಡಿ ಎಷ್ಟು ವರ್ಷವಾಗಿತ್ತೋ. ಅರ್ಧಕ್ಕೇ ಸಾಕಾಯಿತು. ಇಂಥ ಜಾಗದಲ್ಲಿ ಅಳುವುದು ಅವಮಾನವೆಂದು ನೀರು ಕುಡಿದಳು.

ಮೂರನೆಯ ದಿನ ಸಂಜೆ ಜೀರಿಗೆಯನ್ನು ಆಟದ ಮನೆಯಿಂದ ತಾನೇ ಕರೆತರಬೇಕೆಂದು ಅವಳಿಗೆ ಅನ್ನಿಸಿತು. ಎರಡು ದಿನ ತಮ್ಮನೇ ಹೋಗಿ ಕರೆತಂದಿದ್ದ. ಹೋಗುವ ದಾರಿಯಲ್ಲಿ ಮೇಲಿನ ಡೆಕ್ಕಿನ ಬದಿಗೆ ತೂಗುಹಾಕಿದ್ದ ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಗಳ ನೆರಳಿನಲ್ಲಿ ದೊಡ್ಡವಳು ಕುಳಿತಿರುವುದು ಕಂಡಿತು. ಒಬ್ಬಳೇ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಮೊಬೈಲು, ಆದರೆ ಮೊಬೈಲು ಆರಿಹೋಗಿತ್ತು. ಗೆಳತಿಯರ ಜೊತೆ ಇರುತ್ತೇನೆ ಎಂದಿದ್ದಳಲ್ಲ?

“ಏನೇ, ಇಲ್ಲಿ ಗಾಳಿಗೆ ಕೂತಿದ್ದೀಯ?”

“ಸುಮ್ನೆ.” ಆಮೇಲೆ ಹೆಡ್‌ಫೋನು ಕುತ್ತಿಗೆಗೆ ಇಳಿಸಿ, “ಅತ್ತೆ, ಒಂದ್ನಿಮಿಷ ಕೂತ್ಕೋ” ಎಂದಳು.

“ಜೀರಿಗೆನ ಬಿಡೋ ಹೊತ್ತಾಯ್ತು ಕಣೆ. ಆಮೇಲೆ ಬರ್ತೀನಿ.”

ದೊಡ್ಡವಳು ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿಕೊಂಡಳು. ಈ ವಯಸ್ಸೇ ಹಾಗೆ, ಒಂದು ಗಳಿಗೆ ಬಾ ಅನ್ನುತ್ತವೆ, ಇನ್ನೊಂದು ಗಳಿಗೆ ಹೋಗು ಅನ್ನುತ್ತವೆ ಎಂದುಕೊಂಡು ವ್ಯಾನತ್ತೆ ಮೆಟ್ಟಿಲಿಳಿದಳು.

ಆಟದ ಮನೆಯ ಬಾಗಿಲಲ್ಲಿ ಒಬ್ಬ ಹುಡುಗಿ ಯಂತ್ರ ಹಿಡಿದು ನಿಂತಿದ್ದಳು. ತಂದೆತಾಯಿಗಳು ಕಾರ್ಡು ತೋರಿಸಿದರೆ ಯಂತ್ರ ‘ಟಿಣ್’ ಎನ್ನುತ್ತಿತ್ತು, ಹುಡುಗಿ ಮಗುವಿನ ಹೆಸರು ಕೂಗುತ್ತಿದ್ದಳು, ಮಗು ಓಡಿ ಬರುತ್ತಿತ್ತು. ವ್ಯಾನತ್ತೆ ಮೆಚ್ಚಿಕೊಂಡು ನೋಡುತ್ತ ನಿಂತಳು. ಕೆಲಸವೆಂದರೆ ಹೀಗಿರಬೇಕು. ತನ್ನ ಸರದಿ ಬಂದಾಗ ಕಾರ್ಡು ಚಾಚಿದಳು. ಯಂತ್ರ ಟಿಣ್ ಎನ್ನಲಿಲ್ಲ. ಗೊಗ್ಗರು ಗಂಟಲಲ್ಲಿ ಇನ್ನೇನೋ ಅಂದಿತು.

“ಕ್ಷಮಿಸಿ ಮೇಡಂ. ಈ ಮಗುನ ಕರ್ಕೊಂಡು ಹೋಗೋಕೆ ಇಬ್ಬರಿಗೆ ಮಾತ್ರ ಒಪ್ಪಿಗೆ. ಅಪ್ಪ, ಅಮ್ಮ. ನಿಮ್ಮ ಕಾರ್ಡ್ ಅದರಲ್ಲಿಲ್ಲ.”

“ನಾನು ಅವಳ ಅತ್ತೆ ಕಣಮ್ಮ. ಸೋದರತ್ತೆ. ಸಾಕಿದವಳು.”

“ಇರಬಹುದು ಮೇಡಂ. ಆದ್ರೆ ನಾನು ಕೊಡೋ ಹಾಗಿಲ್ಲ.” ಹುಡುಗಿಯ ಮುಖ ಕೆಂಪಾಯಿತು. ಹಿಂದಿನ ಸಾಲಿನವರು ಕತ್ತು ಉದ್ದಮಾಡಿದರು.

ಗಾಜಿನಾಚೆ ಜೀರಿಗೆ ಬಣ್ಣದ ಚೆಂಡುಗಳ ರಾಶಿಯಲ್ಲಿ ಸೊಂಟದವರೆಗೆ ಹೂತುಕೊಂಡು ಯಾವುದೋ ಮಗುವಿನ ಜೊತೆ ಕೇಕೆ ಹಾಕುತ್ತಿತ್ತು. ಇತ್ತ ನೋಡಲಿಲ್ಲ. ಒಂದು ಸಲ ಕೂಗಿದ್ದರೆ ನೋಡುತ್ತಿತ್ತು, ನೋಡಿದ್ದರೆ ಓಡಿ ಬರುತ್ತಿತ್ತು, ಆಗ ಯಂತ್ರಕ್ಕೆ ಏನು ಬೆಲೆ? ಕೂಗಲೆಂದು ಬಾಯಿ ತೆರೆದಳು.

ಆದರೆ ವ್ಯಾನತ್ತೆಗೆ ಅವಳದೇ ಕಾಯಿದೆ ಅಡ್ಡಬಂತು. ಗೊತ್ತಿರುವ ಮುಖ ಮನೆಯ ಗೇಟಿನಲ್ಲಿ ಇಲ್ಲದಿದ್ದರೆ ಅವಳು ಯಾವ ಮಗುವನ್ನೂ ವ್ಯಾನಿನಿಂದ ಇಳಿಸುತ್ತಿರಲಿಲ್ಲ. ಒಮ್ಮೆ ಉರಿಬಿಸಿಲಿನಲ್ಲಿ ಒಂದು ಮಗುವಿನ ಸ್ವಂತ ತಾತನನ್ನೇ ಗೇಟಿನಲ್ಲಿ ನಿಲ್ಲಿಸಿದ್ದಳು. ಅವರು ಪರವೂರಿನಿಂದ ಅಂದೇ ಬಂದವರು. ಕೈಮುಗಿದರು, ಬೈದರು, ಮಗುವೂ ತಾತಾ ತಾತಾ ಎಂದು ಅತ್ತಿತು. “ನೀವು ತಾತನೇ ಇರಬಹುದು. ನನಗೆ ಹೇಳಿಲ್ಲ” ಎಂದು, ತಾಯಿ ಕಚೇರಿಯಿಂದ ಓಡಿಬರುವವರೆಗೂ ವ್ಯಾನಿನ ಬಾಗಿಲು ತೆರೆದಿರಲಿಲ್ಲ. ಕೊಡುವಾಗಲೂ ಅಷ್ಟೇ, ಆಚೆಯ ಕೈ ಮಗುವಿನ ಕೈಯನ್ನು ಗಟ್ಟಿಯಾಗಿ ಹಿಡಿಯುವವರೆಗೂ ತನ್ನ ಕೈ ಬಿಡುತ್ತಿರಲಿಲ್ಲ. ಬಿಟ್ಟ ಮೇಲೂ ತಕ್ಷಣ ಹೊರಡುತ್ತಿರಲಿಲ್ಲ. ಮಗು ಹಿಂತಿರುಗಿ ನೋಡದೆ ಓಡಿದರೆ ಮನೆ ಸೇರಿತು ಎಂದು ಲೆಕ್ಕ. ಹಿಂತಿರುಗಿ ನೋಡಿತೋ, ಆ ಮನೆಯಲ್ಲಿ ಇವತ್ತು ಏನೋ ಸರಿಯಿಲ್ಲ. ಆಗ ವ್ಯಾನು ಕದಲಬಾರದು.

“ಸರಿ ಮಾಡ್ದೆ ಕಣಮ್ಮ” ಎಂದಳು ಬಾಗಿಲ ಹುಡುಗಿಗೆ. “ನಾನಾಗಿದ್ರೂ ಕೊಡ್ತಿರ್ಲಿಲ್ಲ.”

ಹಾಗೆಂದು ಸಾಲಿನಿಂದ ಆಚೆ ಸರಿದು ಗಾಜಿನ ಪಕ್ಕ ನಿಂತಳು. ಅಷ್ಟು ಹೊತ್ತಿಗೆ ಮಾತ್ರೆ ಬಂದಳು. ಹಡಗಿನ ಓಲಾಟಕ್ಕೆ ಬಂದ ದಿನದಿಂದಲೂ ವಾಂತಿ ಮಾಡಿ ಮಾಡಿ ಮುಖ ಬಿಳುಚಿತ್ತು. ಊರಿಗೆಲ್ಲ ಮಾತ್ರೆ ಕೊಡುವವಳಿಗೆ ಅವಳ ಮಾತ್ರೆಯೇ ನಾಟಿರಲಿಲ್ಲ. ಅವಳ ಕಾರ್ಡಿಗೆ ಯಂತ್ರ ‘ಟಿಣ್’ ಎಂದಿತು. ಜೀರಿಗೆ ಬಂತು. ಅತ್ತೆಯನ್ನು ಕಂಡು ಅತ್ತೆಯ ಕಾಲನ್ನೇ ತಬ್ಬಿಕೊಂಡಿತು, ನಿಜ. ಆದರೆ ಬಾಗಿಲು ತೆರೆದದ್ದು ಮಾತ್ರೆಗೆ.

ಆ ಸಂಜೆ ತಮ್ಮ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಓಣಿಯ ಕೊನೆಯ ಗುಂಡುಕಿಟಕಿಯ ಹತ್ತಿರ ಅಕ್ಕತಮ್ಮ ಇಬ್ಬರೇ ನಿಂತಿದ್ದರು.

“ಅಕ್ಕ, ಇಬ್ಬರ ಹೆಸರಿಗೇ ಜಾಗ ಇದ್ದಿದ್ದು. ನಾನು ಬೇರೆ ಏನೂ ಯೋಚನೆ ಮಾಡಿ ಕೊಟ್ಟಿದ್ದಲ್ಲ.”

“ಯೋಚನೆ ಮಾಡಿದ್ರೆ ನನಗೂ ಇಷ್ಟು ಬೇಜಾರಾಗ್ತಿರ್ಲಿಲ್ಲ ಕಣೋ. ಯೋಚನೆನೇ ಮಾಡ್ದೆ ನನ್ನ ಬಿಟ್ಟೆ ನೋಡು.”

ಅವನು ಸಮುದ್ರ ನೋಡಿದ.

“ಕೋಣೆ ಯಾಕೆ ಅಳೆದೆ?”

“ಜೀರಿಗೆಗೆ ಒಂದು ಮಂಚ... ಅವಳಿಗೂ ಅಭ್ಯಾಸ ಆಗ್ಬೇಕಲ್ಲ, ಇವಳ ಹತ್ರ.”

“ಮತ್ತೆ ನಾನು?”

“ನೀನು ಇರ್ಬೇಡ ಅಂತ ಯಾರ್ ಅಂದ್ರು ಅಕ್ಕ?”

“ಇರು ಅಂತಾನೂ ಯಾರೂ ಅನ್ಲಿಲ್ಲ.”

ಅವನು ಕನ್ನಡಕವನ್ನು ಮತ್ತೆ ಒರೆಸತೊಡಗಿದ. ಒಳ್ಳೆಯವನೇ, ಚಿಕ್ಕಂದಿನಲ್ಲಿ ಇವಳ ಬೆನ್ನ ಮೇಲೆ ಬೆಳೆದವನು. ಅಕ್ಕನಿಗೆ ನೋವು ಮಾಡುವಷ್ಟು ಕಟುಕನಲ್ಲ, ನೋವು ತಪ್ಪಿಸುವಷ್ಟು ಚುರುಕೂ ಅಲ್ಲ. ಕೊನೆಗೆ, “ನಾಳೆ ಮಧ್ಯಾಹ್ನ ಜೀರಿಗೆ ನಮ್ಮ ರೂಮಲ್ಲಿ ಮಲಗ್ಲಿ ಅಕ್ಕ” ಎಂದ. “ಮಲಗ್ಲಿ” ಎಂದಳು. ಒಳಗೊಳಗೇ, ಮಲಗಿಸಿ ನೋಡಿ ಎಂದುಕೊಂಡಳು.

ಮರುದಿನ ಮಧ್ಯಾಹ್ನ ಎದುರಿನ ಕೋಣೆಯಿಂದ ಅಳು ಶುರುವಾಯಿತು. ಹಡಗಿನ ಗೋಡೆಗಳು ತೆಳು. ವ್ಯಾನತ್ತೆ ಮಂಚದ ತುದಿಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಮಾತ್ರೆ ನಿಂತಿದ್ದಳು, ಕೂದಲು ಕೆದರಿತ್ತು, ಹೆಗಲ ಮೇಲೆ ಮಗುವಿನ ಕಣ್ಣೀರು ಸಿಂಬಳದ ಕಲೆ. ತಮ್ಮ ಹುಡುಗನ ಜೊತೆ ನೀರಿನಾಟಕ್ಕೆ ಹೋಗಿದ್ದ.

“ಅತ್ತಿಗೆ, ಮಲಗ್ತಾನೇ ಇಲ್ಲ. ಕಥೆ ಹೇಳ್ದೆ, ತಟ್ಟಿದೆ, ಹಾಲು ಕೊಟ್ಟೆ. ನೀವು ಏನು ಮಾಡ್ತೀರ ಹೇಳಿ.”

ಹೇಳಬಹುದಿತ್ತು. ಮೂರು ಮಾತಿನಲ್ಲಿ ಮುಗಿಯುತ್ತಿತ್ತು. ವ್ಯಾನತ್ತೆ ಅವಳ ಮುಖ ನೋಡಿದಳು, ಅವಳ ಕಿವಿಯಲ್ಲಿ ತೂಗುತ್ತಿದ್ದ ಉದ್ದ ಓಲೆಗಳನ್ನು ನೋಡಿದಳು.

“ಏನೂ ಮಾಡಲ್ಲ. ಸ್ವಲ್ಪ ಹೊತ್ತು ಅಳ್ತಾಳೆ, ತಾನೇ ಮಲಗ್ತಾಳೆ.”

ಮಾತ್ರೆ ತಲೆಯಾಡಿಸಿ ಹೋದಳು. ನಂಬಿದಳು, ಪಾಪ. ಈ ಹೆಂಗಸು ಹಾಗೆ ನಂಬಿದ್ದೇ ವ್ಯಾನತ್ತೆಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು.

ಅಳು ಏರಿತು. ‘ಅತ್ತೇ’ ಎಂಬ ಕೂಗು ಅದರೊಳಗೆ ಎರಡು ಸಲ ಕೇಳಿತು. ಇದನ್ನೇ ಅಲ್ಲವೇ ಅವಳು ಕಾಯುತ್ತಿದ್ದುದು? ಗೆದ್ದಾಯಿತಲ್ಲ? ಆದರೆ ಗೆಲುವಿನ ರುಚಿ ಬರಲಿಲ್ಲ. ವ್ಯಾನಿನಲ್ಲಿ ಮಗುವನ್ನು ಕೂಡಿಹಾಕಿ, ಗೇಟಿನಲ್ಲಿ ಕೈಚಾಚಿ ನಿಂತ ಸರಿಯಾದ ಮುಖಕ್ಕೇ ಕೊಡದೆ ಸತಾಯಿಸಿದ ಹಾಗೆ ಅನ್ನಿಸಿತು. ತಾತನನ್ನು ನಿಲ್ಲಿಸಿದ್ದು ಮಗುವಿಗಾಗಿ. ಇದು ಯಾರಿಗಾಗಿ? ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಎದ್ದು ಓಣಿ ದಾಟಿ ಬಾಗಿಲು ತಳ್ಳಿದಳು. ಮಾತ್ರೆ ಗೋಡೆಗೊರಗಿ ಕುಳಿತಿದ್ದಳು, ಅವಳ ಕಣ್ಣಲ್ಲೂ ನೀರು. ಮಡಿಲಲ್ಲಿ ಜೀರಿಗೆ ಬಿಕ್ಕುತ್ತ ಅವಳ ಕುತ್ತಿಗೆ, ಗಲ್ಲ ಎಲ್ಲ ತಡಕಾಡುತ್ತಿತ್ತು. ಪುಟ್ಟ ಕೈ ಕಿವಿಯವರೆಗೆ ಹೋಗುತ್ತಿತ್ತು, ಓಲೆ ಚುಚ್ಚಿದೊಡನೆ ಹಿಂದೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಅಂದರೆ ಮಗು ಆಗಲೇ ಅವಳ ಕಿವಿಯನ್ನು ಹುಡುಕುತ್ತಿತ್ತು. ಅದನ್ನು ನೋಡಿ ವ್ಯಾನತ್ತೆ ಹೊಸ್ತಿಲಲ್ಲೇ ನಿಂತಳು. ತಾನು ಹೋಗಿ ಎತ್ತಿಕೊಂಡರೆ ಈ ಗಳಿಗೆಯಲ್ಲಿ ನಿದ್ದೆ. ಎತ್ತಿಕೊಳ್ಳಲೆಂದೇ ಬಂದಿದ್ದಳು.

“ಎಡಗಿವಿ ಓಲೆ ತೆಗಿ” ಎಂದಳು.

ಮಾತ್ರೆ ಅರ್ಥವಾಗದೆ ನೋಡಿದಳು.

“ತೆಗಿಯೇ. ಎಡಗಡೆದು. ಹಾಂ. ಈಗ ಅವಳನ್ನ ಈ ಮಗ್ಗುಲಿಗೆ ಹಾಕ್ಕೋ. ಕೈಗೆ ಕಿವಿ ಸಿಗ್ಲಿ.”

ಅಷ್ಟು ದಿನದ ‘ನೀವು’ ಎಲ್ಲಿ ಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಜೀರಿಗೆಯ ಬೆರಳುಗಳು ಹಾಲೆಯನ್ನು ಹಿಡಿದವು, ತೀಡಿದವು, ಇನ್ನೊಮ್ಮೆ ತೀಡಿದವು. ಬಿಕ್ಕು ಕಡಿಮೆಯಾಗುತ್ತ ಬಂದು ನಿಂತಿತು. ಕಣ್ಣು ಮುಚ್ಚುವ ಮುಂಚೆ ಮಗು ಬಾಗಿಲಲ್ಲಿದ್ದ ಅತ್ತೆಯನ್ನು ನೋಡಿತು, ಆದರೆ ಕೈಯಲ್ಲಿದ್ದ ಕಿವಿಯನ್ನು ಬಿಡಲಿಲ್ಲ.

“ಮೊದ್ಲೇ ಹೇಳ್ಬೇಕಿತ್ತು” ಎಂದಳು ವ್ಯಾನತ್ತೆ. “ಹೇಳ್ಲಿಲ್ಲ. ಬೇಕಂತಲೇ ಹೇಳ್ಲಿಲ್ಲ.”

ಮಾತ್ರೆ ಅವಳ ಬೋಳು ಎಡಗಿವಿಯನ್ನೂ ಮುಚ್ಚಿಹೋದ ತೂತಿನ ಗುರುತನ್ನೂ ನೋಡಿದಳು. ಮಗು ಏಳುತ್ತದೆಂದು ಪಿಸುದನಿಯಲ್ಲಿ, “ಗೊತ್ತಾಯ್ತು ಅತ್ತಿಗೆ” ಎಂದಳಷ್ಟೆ.

ವ್ಯಾನತ್ತೆ ಮೇಲಿನ ಡೆಕ್ಕಿಗೆ ಹೋದಳು. ನಾಲ್ಕೂ ಕಡೆ ನೀರು, ಎಲ್ಲೂ ಒಂದು ತಿರುವಿಲ್ಲ, ಒಂದು ಗೇಟಿಲ್ಲ. ಕಂಬಿ ಹಿಡಿದು ನಿಂತು ಎಡಗಿವಿಯನ್ನು ತಾನೇ ತೀಡಿಕೊಂಡು ನೋಡಿದಳು. ಅದರಲ್ಲಿ ಏನಿದೆಯೋ ಆ ಮಗುವಿಗೇ ಗೊತ್ತು. ಜೋರಾಗಿ ಗಾಳಿ ಬೀಸುತ್ತಿದ್ದುದರಿಂದ ಯಾರ ಮರ್ಯಾದೆಯನ್ನೂ ನೋಡದೆ ಅತ್ತಳು. ಸಾವಿರಾರು ಜನರಿರುವ ಆ ಹಡಗಿನಲ್ಲಿ ತನ್ನನ್ನು ಹುಡುಕಿಕೊಂಡು ಬರುವ ಜೀವ ಒಂದೂ ಇಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು.

ಉಳಿದ ದಿನಗಳು ಹೇಗೋ ಕಳೆದವು. ದೊಡ್ಡವಳಿಗೆ ‘ಆಮೇಲೆ ಬರ್ತೀನಿ’ ಎಂದದ್ದು ವ್ಯಾನತ್ತೆಗೆ ಮರೆತೇಹೋಯಿತು. ಕೊನೆಯ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಆರು ಜನವೂ ಮೊದಲ ಸಲ ಒಟ್ಟಿಗೆ ಕುಳಿತಿದ್ದರು. ಮಾತ್ರೆಯ ಬಲಗಿವಿಯಲ್ಲಿ ಉದ್ದ ಓಲೆ ತೂಗುತ್ತಿತ್ತು, ಎಡಗಿವಿ ಬರಿದು. ಬಡಿಸುವವನು, “ಮೇಡಂ, ನಿಮ್ಮದೊಂದು ಓಲೆ ಬಿದ್ದುಹೋಗಿದೆ ಅನ್ಸುತ್ತೆ” ಎಂದ. “ಇಲ್ಲಪ್ಪ, ಬಿದ್ದಿಲ್ಲ” ಎಂದಳು ಅವಳು. ಹಾಗೆನ್ನುವಾಗ ವ್ಯಾನತ್ತೆಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ದೊಡ್ಡ ಉಪಕಾರವಾಯಿತು.

ಬಂದರಿನ ಹೊರಗೆ ಕಾರು ನಿಲ್ಲಿಸಿದ್ದ ಬಯಲಿಗೆ ಹೋಗುವ ದಾರಿ ಒಂದು ಕಡೆ, ಬಸ್ಸು ನಿಲ್ಲುವ ಜಾಗ ಇನ್ನೊಂದು ಕಡೆ. ಅವೆರಡೂ ಕವಲೊಡೆಯುವಲ್ಲಿ ತಮ್ಮ ಗಕ್ಕನೆ ನಿಂತ. ಅವನಿಗೆ ಈಗ ಹೊಳೆದಿತ್ತು.

“ಅಯ್ಯೋ, ಆರು ಜನ ಹೇಗೆ... ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡ್ರೆ—”

“ಬೇಡ” ಎಂದಳು ವ್ಯಾನತ್ತೆ. “ನಾನು ಬಸ್ಸಿಗೆ ಬರ್ತೀನಿ. ಹಾಗೇ ಗ್ಯಾರೇಜಿನ ಹಿಂದಿನ ರೂಮಿಗೆ ಹೋಗಿಬಿಡ್ತೀನಿ. ಶಾಲೆ ಶುರುವಾಗೋಕೆ ಮುಂಚೆ ವ್ಯಾನಿನ ಬ್ರೇಕ್ ನೋಡಿಸ್ಬೇಕು.”

“ಇದೇನಕ್ಕ, ಹೀಗೆ ದಾರೀಲಿ...”

“ದಾರೀಲೇ ಕಣೋ ಇಳಿಸೋದು, ಇಳಿಸೋರನ್ನ. ಹೋಗು, ಬಿಸಿಲೇರ್ತಿದೆ.”

ಜೀರಿಗೆಯ ಕೈ ಅವಳ ಕೈಯಲ್ಲಿತ್ತು. ಮಾತ್ರೆ ಕೈಚಾಚಿದಳು. ವ್ಯಾನತ್ತೆ ಮಗುವಿನ ಕೈಯನ್ನು ಅದರೊಳಗೆ ಇಟ್ಟಳು, ಆ ಬೆರಳುಗಳು ಮುಚ್ಚಿಕೊಂಡು ಗಟ್ಟಿಯಾಗಿ ಹಿಡಿಯುವವರೆಗೂ ಕಾದಳು, ಆಮೇಲೆ ತನ್ನ ಕೈ ಬಿಟ್ಟಳು.

ಅವರು ಹೊರಟರು. ಅವಳು ಚೀಲ ಹಿಡಿದು ನಿಂತು ನೋಡಿದಳು. ಪ್ರಶ್ನೆಪತ್ರಿಕೆ ಅಪ್ಪನಿಗೆ ಏನೋ ಕೇಳುತ್ತ, ಪೆಟ್ಟಿಗೆಯನ್ನು ಕುಣಿಸಿಕೊಂಡು ಹೋದ, ತಿರುಗಲಿಲ್ಲ. ಜೀರಿಗೆ ಹೊಸ ಕೈಯನ್ನು ತೂಗಿಸಿಕೊಂಡು ಕುಪ್ಪಳಿಸಿತು, ಅದೂ ತಿರುಗಲಿಲ್ಲ. ಮನೆ ಸೇರಿದವು. ಎದೆ ಒಡೆದುಹೋಗುವಂತಿದ್ದರೂ ಕೆಲಸ ಸರಿಯಾಗಿ ಮುಗಿಯಿತು ಎಂದು ಒಳಗಿನ ವ್ಯಾನಿನವಳು ಹೇಳಿದಳು. ಬಸ್ಸಿನ ಹಾರ್ನು ಕೇಳಿಸಿತು. ಚೀಲ ಹೆಗಲಿಗೇರಿಸಿ ಆ ಕಡೆ ಹೆಜ್ಜೆ ಎತ್ತುವವಳಿದ್ದಳು.

ದೊಡ್ಡವಳು ಹಿಂತಿರುಗಿ ನೋಡಿದಳು.

ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದವಳು, ನಾಲ್ಕು ಹೆಜ್ಜೆ ಹೋಗಿ ಮತ್ತೆ ನೋಡಿದಳು. ಹನ್ನೊಂದನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವಳು, ಮೂವರಲ್ಲಿ ತಾಯಿಯ ಮುಖ ಚೆನ್ನಾಗಿ ನೆನಪಿರುವವಳು ಇವಳೊಬ್ಬಳೇ. ನಾಲ್ಕು ವರ್ಷ ವ್ಯಾನತ್ತೆಯ ಕಿವಿ ಚಿಕ್ಕದರ ಕೈಯಲ್ಲಿತ್ತು. ಈ ದೊಡ್ಡದರ ಅಳು ಯಾರ ಕಿವಿಗೆ ಬಿತ್ತು? ‘ಅತ್ತೆ, ಒಂದ್ನಿಮಿಷ ಕೂತ್ಕೋ’ ಎಂದದ್ದು ಈಗ, ಇಷ್ಟು ದೂರದಿಂದ, ವ್ಯಾನತ್ತೆಗೆ ಕೇಳಿಸಿತು. ಎಣಿಸಿ ಎಣಿಸಿ ಮೂರಿವೆ ಎಂದುಕೊಂಡಿದ್ದವಳು ಒಂದು ತಲೆಯನ್ನು ಹಡಗಿನ ಮೇಲೆಯೇ ಬಿಟ್ಟು ಇಳಿದಿದ್ದಳು.

ದೊಡ್ಡವಳು ಅಪ್ಪನಿಗೆ ಏನೋ ಹೇಳಿದಳು. ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿಕೊಂಡು ಈ ಕಡೆಗೆ ನಡೆದು ಬರತೊಡಗಿದಳು, ನಿಧಾನವಾಗಿ, ಅತ್ತೆ ಬಸ್ಸು ಹತ್ತಿಬಿಟ್ಟರೆ ತಾನು ಬಂದದ್ದು ಯಾರಿಗೂ ಗೊತ್ತಾಗದಿರಲಿ ಎಂಬಂತೆ.

ಪಕ್ಕದಲ್ಲಿ ಒಂದು ಕಲ್ಲುಬೆಂಚಿತ್ತು. ವ್ಯಾನತ್ತೆ ಚೀಲ ಕೆಳಗಿಟ್ಟು ಅದರ ಮೇಲೆ ಕುಳಿತಳು. ಬಸ್ಸು ಬಂದು ನಿಂತಿತು, ಕಂಡಕ್ಟರು ಬರ್ತೀರಾ ಎಂದು ಕೈಮಾಡಿ ಕೇಳಿದ, ಅವಳು ಇಲ್ಲ ಎಂದು ತಲೆಯಾಡಿಸಿದಳು. ಬಸ್ಸು ಹೊರಟುಹೋಯಿತು.